ಹಿತ್ತಲ ಗಿಡ ಮದ್ದಾದ ಕಥೆ: ಓದಿಸುವ ಸಂಸ್ಥೆಗಳು ತಂತ್ರಜ್ಞರನ್ನು ಹುಡುಕಿದ 125 ವರ್ಷ

"ಸಂಬಳ ಕಡಿಮೆ, ಊರು ದೂರ, ಕೆಲಸ ಜಾಸ್ತಿ. ಇಂಥದ್ದಕ್ಕೆ ಓದಿದ ಇಂಜಿನಿಯರ್ ಯಾರು ಬರ್ತಾರೆ ಸ್ವಾಮಿ?"

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಶಾಲೆ, ಕಂಪ್ಯೂಟರ್ ತರಬೇತಿ, ಸಂಜೆ ಪಾಠ ನಡೆಸುವ ಟ್ರಸ್ಟಿನವರ ಬಾಯಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು ಇದು. ದಾನಿಗಳು ಕಂಪ್ಯೂಟರ್ ಕೊಡುತ್ತಾರೆ. ಪ್ರೊಜೆಕ್ಟರ್ ಬರುತ್ತದೆ. ಉದ್ಘಾಟನೆಯ ಫೋಟೊ ಪೇಪರಿನಲ್ಲೂ ಬರುತ್ತದೆ, ಅದನ್ನು ಕಳಿಸಿದವರು ನಾವೇ. ಆದರೆ ಯಾವ ಪಾಠಕ್ಕೆ ಯಾವ ಯಂತ್ರ ಬೇಕು, ಮೇಷ್ಟ್ರಿಗೆ ಅದನ್ನು ಕಲಿಸುವವರು ಯಾರು, ಕೆಟ್ಟರೆ ನೋಡುವವರು ಯಾರು, ಮುಂದಿನ 5 ವರ್ಷ ಏನು ಮಾಡಬೇಕು ಎಂದು ಯೋಚಿಸಿ ಮುಂದೆ ನಿಂತು ನಡೆಸುವ ಒಬ್ಬ ಮುಖ್ಯಸ್ಥ ಸಿಗುವುದಿಲ್ಲ. ಸಿಕ್ಕರೂ ನಿಲ್ಲುವುದಿಲ್ಲ.

ಇದು ಇವತ್ತಿನ ತೊಂದರೆ ಅಂದುಕೊಂಡಿದ್ದರೆ, ಅಲ್ಲ. ನಮ್ಮ ಸೀಮೆಯಲ್ಲಿ ಈ ಹುಡುಕಾಟಕ್ಕೆ 125 ವರ್ಷ ದಾಟಿದೆ. ಲಂಡನ್ನಿಂದ ದೊಡ್ಡ ವಿಜ್ಞಾನಿಯನ್ನು ಕರೆಸಿದ್ದೂ ಉಂಟು, ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯವರನ್ನು ಪತ್ರ ಬರೆದು ಕರೆಸಿದ್ದೂ ಉಂಟು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬ ಬರಿಗೈಯಲ್ಲಿ ನಡೆದುಹೋಗಿ, ಕೊನೆಗೆ ತಾನು ಓದಿದ ಸಂಸ್ಥೆಯನ್ನೇ ಮುನ್ನಡೆಸಿದ್ದೂ ಉಂಟು. ಕೆಲವು ಕಡೆ ಕೈಗೂಡಿತು, ಕೆಲವು ಕಡೆ ಮುರಿದುಬಿತ್ತು. ಏಕೆ ಎಂದು ಒಂದೊಂದಾಗಿ ನೋಡೋಣ.

ಟಾಟಾ ಅವರ ಮೊದಲ ಪತ್ರ ಸನ್ಯಾಸಿಗೆ

ಜಮ್ಷೆಡ್‌ಜಿ ಟಾಟಾ ಮುಂಬೈನ ದೊಡ್ಡ ವ್ಯಾಪಾರಿ. ದೇಶದಲ್ಲಿ ವಿಜ್ಞಾನ ಕಲಿಸುವ, ಸಂಶೋಧನೆ ಮಾಡಿಸುವ ಒಂದು ಸಂಸ್ಥೆ ಆಗಬೇಕು, ಅದರಿಂದ ಲಾಭ ಬರಬೇಕಾಗಿಲ್ಲ ಎಂಬುದು ಅವರ ಯೋಚನೆ. ಅದಕ್ಕಾಗಿ ತಮ್ಮ ಆಸ್ತಿಯಲ್ಲಿ ಸುಮಾರು 30 ಲಕ್ಷ ರೂಪಾಯಿ ಬೆಲೆಯದನ್ನು ಕೊಡಲು ಮುಂದಾದರು. ಆ ಕಾಲದ 30 ಲಕ್ಷ ಎಂದರೆ ಎಷ್ಟು ಎಂದು ನೀವೇ ಊಹಿಸಿ.

ಹಣ ಇತ್ತು. ಬೇಕಾಗಿದ್ದು ಮುಂದೆ ನಿಲ್ಲುವ ಮನುಷ್ಯ. 1898ರ ನವೆಂಬರ್ 23ರಂದು ಟಾಟಾ ಪತ್ರ ಬರೆದದ್ದು ಯಾವ ಪ್ರೊಫೆಸರಿಗೂ ಅಲ್ಲ, ಸ್ವಾಮಿ ವಿವೇಕಾನಂದರಿಗೆ. 1893ರಲ್ಲಿ ಜಪಾನಿನಿಂದ ಕೆನಡಾಕ್ಕೆ ಹೋಗುವ ಹಡಗಿನಲ್ಲಿ ಇಬ್ಬರೂ ಒಟ್ಟಿಗೆ ಪ್ರಯಾಣ ಮಾಡಿದ್ದರು. ನಮ್ಮ ದೇಶದ ತ್ಯಾಗದ ಮನೋಭಾವವನ್ನು ವಿಜ್ಞಾನದ ಕಡೆಗೆ ತಿರುಗಿಸಬೇಕು, ಮಠದಲ್ಲಿ ಇದ್ದಂತೆ ಸರಳವಾಗಿದ್ದು ವಿಜ್ಞಾನಕ್ಕೆ ಬದುಕು ಕೊಡುವ ಜನ ಬೇಕು, ಆ ಚಳವಳಿಗೆ ನಿಮ್ಮಂಥವರು ಮುಂದಾಳಾದರೆ ಚೆನ್ನ ಎಂಬುದು ಪತ್ರದ ತಾತ್ಪರ್ಯ.

ವಿವೇಕಾನಂದರು ಆ ಹೊಣೆ ಹೊರಲಿಲ್ಲ. ಅವರ ಬಳಗದ 'ಪ್ರಬುದ್ಧ ಭಾರತ' ಪತ್ರಿಕೆ ಟಾಟಾ ಯೋಜನೆಯನ್ನು ಬೆಂಬಲಿಸಿ ಬರೆಯಿತು. 1902ರಲ್ಲಿ ಸ್ವಾಮೀಜಿ, 1904ರಲ್ಲಿ ಟಾಟಾ ತೀರಿಕೊಂಡರು. ಇಬ್ಬರೂ ಸಂಸ್ಥೆಯನ್ನು ಕಣ್ಣಿಂದ ನೋಡಲಿಲ್ಲ.

ತೆರೆಮರೆಯಲ್ಲಿ ಇನ್ನೊಬ್ಬರು ದುಡಿಯುತ್ತಿದ್ದರು. ಬುರ್ಜೋರ್ಜಿ ಪಾದಶಾ ಎಂದು ಅವರ ಹೆಸರು. ಟಾಟಾ ಅವರು ಇವರನ್ನು ಹೊರದೇಶಗಳಿಗೆ ಕಳಿಸಿ, ಅಲ್ಲಿನ ವಿಶ್ವವಿದ್ಯಾಲಯಗಳು ಹೇಗೆ ನಡೆಯುತ್ತವೆ ಎಂದು ನೋಡಿಕೊಂಡು ಬರಲು ಹೇಳಿದ್ದರು. ಟಾಟಾ ತೀರಿಕೊಂಡ ಮೇಲೂ ಪಾದಶಾ ಕೈಬಿಡಲಿಲ್ಲ. ವೈಸರಾಯ್ ಕರ್ಜನ್‌ಗೆ ಈ ಯೋಜನೆಯ ಮೇಲೆ ನಂಬಿಕೆ ಇರಲಿಲ್ಲ. ಓದಲು ಹುಡುಗರು ಎಲ್ಲಿಂದ ಬರುತ್ತಾರೆ, ಓದಿದವರಿಗೆ ಕೆಲಸ ಎಲ್ಲಿದೆ ಎಂಬುದು ಅವರ ಅನುಮಾನ. ಇವತ್ತಿಗೂ ಹಳ್ಳಿ ಕಡೆ ಹೊಸ ಕೋರ್ಸು ಶುರುಮಾಡಿದರೆ ಜನ ಕೇಳುವುದು ಇದೇ ಎರಡು ಪ್ರಶ್ನೆ.

ಲಂಡನ್ನಿಂದ ಬಂದ ಮೊದಲ ಮುಖ್ಯಸ್ಥ

ಸಂಸ್ಥೆ ಎಲ್ಲಿರಬೇಕು ಎಂದು ನೋಡಲು 1900ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಭಾರತಕ್ಕೆ ಬಂದರು. ಊರೂರು ಸುತ್ತಿ ಬೆಂಗಳೂರು ಒಳ್ಳೆಯದು ಎಂದು ಹೇಳಿದರು. ಮೈಸೂರು ಸಂಸ್ಥಾನ 1907ರಲ್ಲಿ 371 ಎಕರೆ ಜಮೀನು ಕೊಟ್ಟಿತು. ಇವತ್ತು ಬೆಂಗಳೂರಿನ ಜನ 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಇರುವುದು ಅಲ್ಲೇ.

ಮೊದಲ ನಿರ್ದೇಶಕರಾಗಿ 1906ರಲ್ಲಿ ಆಯ್ಕೆಯಾದವರು ಮಾರಿಸ್ ಟ್ರಾವರ್ಸ್. ಅವರು ರಾಮ್ಸೆ ಜೊತೆ ದುಡಿದವರು. 1898ರಲ್ಲಿ ಇಬ್ಬರೂ ಸೇರಿ ಗಾಳಿಯಲ್ಲಿ ಅಡಗಿದ್ದ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಎಂಬ ಮೂರು ಅನಿಲಗಳನ್ನು ಕಂಡುಹಿಡಿದಿದ್ದರು. ಹಿಂದೆ ಟಾಕೀಸು, ಅಂಗಡಿಗಳ ಮುಂದೆ ಕೆಂಪಗೆ ಹೊಳೆಯುತ್ತಿದ್ದ ನಿಯಾನ್ ಬೋರ್ಡುಗಳಲ್ಲಿ ಇದ್ದದ್ದು ಅದೇ ನಿಯಾನ್. ಆಗ ಟ್ರಾವರ್ಸ್‌ಗೆ ವಯಸ್ಸು 34.

ಅರ್ಹತೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಬಂದವರು ದುಡಿದರು. ಕಟ್ಟಡ ಏಳಿಸಿದರು, ಪ್ರಯೋಗಾಲಯ ಸಜ್ಜು ಮಾಡಿದರು, ಪ್ರೊಫೆಸರುಗಳನ್ನು ಸೇರಿಸಿದರು. 1909ರ ಮೇ 27ರಂದು ಸಂಸ್ಥೆಗೆ ಕಾನೂನಿನ ಆಧಾರ ಸಿಕ್ಕಿತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ರಸಾಯನ ವಿಜ್ಞಾನ ಮತ್ತು ವಿದ್ಯುತ್ ತಂತ್ರಜ್ಞಾನದ ವಿಭಾಗಗಳು ಮೊದಲು ಶುರುವಾದವು.

ಆದರೆ 1914ರಲ್ಲಿ ಟ್ರಾವರ್ಸ್ ಹೊರಟುಹೋದರು. ಆಡಳಿತ ಮಂಡಳಿಗೂ ಅವರಿಗೂ ಹೊಂದಲಿಲ್ಲ. ಗಮನಿಸಿ: ನೇಮಕ ಆದದ್ದು 1906ರಲ್ಲಿ, ಕಾನೂನು ಆದದ್ದು 1909ರಲ್ಲಿ. ಅಂದರೆ ಸಂಸ್ಥೆಯ ನಿಯಮ ಗಟ್ಟಿಯಾಗುವ ಮೊದಲೇ ಮುಖ್ಯಸ್ಥರು ಬಂದು ಕೂತಿದ್ದರು. ದಾನಿಗಳು ಮುಂಬೈನಲ್ಲಿ, ಸರ್ಕಾರ ಆಗಿನ ರಾಜಧಾನಿ ಕಲ್ಕತ್ತಾದಲ್ಲಿ, ಜಮೀನು ಕೊಟ್ಟವರು ಮೈಸೂರಿನಲ್ಲಿ. ಕೆಲಸ ಮಾತ್ರ ಬೆಂಗಳೂರಿನಲ್ಲಿ. ಇಷ್ಟು ಜನ ಯಜಮಾನರ ನಡುವೆ ಒಬ್ಬ ನಿರ್ದೇಶಕ ಯಾರ ಮಾತು ಕೇಳಬೇಕು?

ನಮ್ಮ ತಾಲ್ಲೂಕುಗಳ ಟ್ರಸ್ಟುಗಳಲ್ಲಿ ಆಗುವುದೂ ಇದೇ. ಅಧ್ಯಕ್ಷರು ಒಂದು ಹೇಳುತ್ತಾರೆ, ದಾನಿ ಕಂಪನಿ ಇನ್ನೊಂದು ಹೇಳುತ್ತದೆ, ಹೆಡ್ಮಾಸ್ಟರು ಮೂರನೆಯದು ಹೇಳುತ್ತಾರೆ. ಮಧ್ಯೆ ಸಿಕ್ಕಿಕೊಂಡ ಹುಡುಗ ಆರು ತಿಂಗಳಿಗೆ ಬೆಂಗಳೂರಿನ ಬಸ್ ಹತ್ತುತ್ತಾನೆ.

ರೇಷ್ಮೆ ಕಲಿಸಲು ಬಂದ ಜಪಾನಿನವರು

ಶಿಡ್ಲಘಟ್ಟದವರಿಗೆ ಇಲ್ಲೊಂದು ಮಾತು ಹೇಳಬೇಕು. ವಿಜ್ಞಾನ ಸಂಸ್ಥೆಗಿಂತ ಮೊದಲೇ ಟಾಟಾ ಅವರು ನಮ್ಮ ಸಂಸ್ಥಾನಕ್ಕೆ ತಂತ್ರಜ್ಞರನ್ನು ಕರೆಸಿದ್ದರು. ಅದು ರೇಷ್ಮೆಗಾಗಿ.

1890ರ ದಶಕದಲ್ಲಿ ಮೈಸೂರು ಸರ್ಕಾರದ ನೆರವು ಪಡೆದು ಬೆಂಗಳೂರಿನಲ್ಲಿ ಒಂದು ರೇಷ್ಮೆ ಫಾರಂ ತೆರೆದರು. ಜಪಾನಿನಿಂದ ತಜ್ಞರನ್ನು ಕರೆಸಿದರು. ಹುಳು ಸಾಕುವುದು, ರೋಗ ಇಲ್ಲದ ಮೊಟ್ಟೆ ತಯಾರಿಸುವುದು, ನೂಲು ಬಿಚ್ಚುವುದು, ಇವನ್ನು ನಮ್ಮವರಿಗೆ ಕೈಹಿಡಿದು ಕಲಿಸುವುದು ಉದ್ದೇಶ. 1910ರ ಹೊತ್ತಿಗೆ ಫಾರಂ ಸಾಲ್ವೇಷನ್ ಆರ್ಮಿಯವರ ಕೈಗೆ ಹೋಯಿತು. ಫಾರಂ ಈಗ ಇಲ್ಲ. ಬಸವನಗುಡಿ ಪಕ್ಕದ ಒಂದು ಜಾಗಕ್ಕೆ 'ಟಾಟಾ ಸಿಲ್ಕ್ ಫಾರಂ' ಎಂಬ ಹೆಸರು ಮಾತ್ರ ಉಳಿದಿದೆ.

ಮುಂದೆ ಸರ್ಕಾರವೂ ಇದೇ ದಾರಿ ಹಿಡಿಯಿತು. 1910ರ ದಶಕದಲ್ಲಿ ಇಟಲಿಯ ತಜ್ಞರನ್ನು ಕರೆಸಿತು. ಬಹಳ ವರ್ಷಗಳ ನಂತರ, 1991ರಲ್ಲಿ, ಜಪಾನ್ ಸರ್ಕಾರದ ಜೈಕಾ ನೆರವಿನಿಂದ ಬೈವೋಲ್ಟೀನ್ ಯೋಜನೆ ಶುರುವಾಯಿತು.

ಹೊರಗಿನ ತಜ್ಞ ಬಂದು ಹೋಗುತ್ತಾರೆ. ಅವರ ವಿದ್ಯೆ ಊರಲ್ಲಿ ಉಳಿಯಬೇಕಾದರೆ ಅದನ್ನು ಕಲಿತು ಮುಂದಕ್ಕೆ ಕಲಿಸುವ ಸ್ಥಳೀಯರು ಬೇಕು. ಚಾಕಿ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಟ್ಟೆ ಎಷ್ಟೇ ಒಳ್ಳೆಯದಿರಲಿ, ಮೊದಲ ಎರಡು ಜ್ವರದವರೆಗೆ ಎಳೆ ಹುಳುವನ್ನು ನೋಡಿಕೊಳ್ಳುವವರು ಸರಿಯಿಲ್ಲದಿದ್ದರೆ ಗೂಡು ಕೈಗೆ ಬರುವುದಿಲ್ಲ. ಚಿಂತಾಮಣಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಕಾಲೇಜು ಆದದ್ದು ಇದಕ್ಕೇ ಮುಖ್ಯ. ಕಲಿಸುವವರು ಇಲ್ಲೇ ತಯಾರಾಗುವ ಜಾಗ ಅದು.

ಮುದ್ದೇನಹಳ್ಳಿಯವರು ಕೇಳಿದ ಪ್ರಶ್ನೆ

ಟ್ರಾವರ್ಸ್ ಬೆಂಗಳೂರಿನಲ್ಲಿ ಕಟ್ಟಡ ಕಟ್ಟಿಸುತ್ತಿದ್ದ ಹೊತ್ತಿನಲ್ಲೇ ಮೈಸೂರು ಸಂಸ್ಥಾನ ಇನ್ನೊಬ್ಬ ತಂತ್ರಜ್ಞರನ್ನು ಹುಡುಕುತ್ತಿತ್ತು. ಚೀಫ್ ಇಂಜಿನಿಯರ್ ಹುದ್ದೆ ಖಾಲಿ ಇತ್ತು.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಬಗ್ಗೆ ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳುವುದು ಕಡಿಮೆ. ಚಿಕ್ಕಬಳ್ಳಾಪುರದಲ್ಲಿ ಓದಿದರು, ಸಣ್ಣ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು, ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಾ 1881ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಪಡೆದು ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬೈ ಸರ್ಕಾರದ ಕೆಲಸಕ್ಕೆ ಸೇರಿದರು. ಅಲ್ಲೇ ಕಾಲು ಶತಮಾನ ದುಡಿದು, ತಾವಾಗಿಯೇ ನಿವೃತ್ತಿ ಪಡೆದು, 1908ರ ಮೂಸಿ ನದಿ ಪ್ರವಾಹದಲ್ಲಿ ನಲುಗಿದ ಹೈದರಾಬಾದಿನ ಕೆಲಸದಲ್ಲಿದ್ದರು.

ಅಷ್ಟರಲ್ಲಿ ಮೈಸೂರಿನ ದಿವಾನ್ ಟಿ. ಆನಂದರಾಯರಿಂದ ಕರೆ ಬಂತು. ಬೇರೆ ಯಾರಾದರೂ ಆಗಿದ್ದರೆ ಸಂಬಳ ಎಷ್ಟು, ಮನೆ ಎಲ್ಲಿ ಎಂದು ಕೇಳುತ್ತಿದ್ದರೇನೋ. ವಿಶ್ವೇಶ್ವರಯ್ಯನವರು ತಕ್ಷಣ ಒಪ್ಪಲಿಲ್ಲ. ಬರೀ ರಸ್ತೆ, ಕಟ್ಟಡ ನೋಡಿಕೊಳ್ಳುವ ಚಾಕರಿಯಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ತಾಂತ್ರಿಕ ಶಿಕ್ಷಣ ಮತ್ತು ಕೈಗಾರಿಕೆ ಬೆಳೆಸಲು ತಮಗೆ ಅವಕಾಶ ಕೊಡುತ್ತೀರಾ ಎಂದು ಕೇಳಿದರು. ಒಪ್ಪಿಗೆ ಸಿಕ್ಕ ಮೇಲೆಯೇ 1909ರ ನವೆಂಬರ್‌ನಲ್ಲಿ ಬಂದು ಸೇರಿದರು.

ಇಡೀ ಕಥೆಯಲ್ಲಿ ನಮಗೆ ಬಹಳ ಬೆಲೆಯದು ಅನ್ನಿಸಿದ್ದು ಈ ಭಾಗ. ನಾವು ಸಾಮಾನ್ಯವಾಗಿ ಅಭ್ಯರ್ಥಿಯನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತೇವೆ. ಇಲ್ಲಿ ಅಭ್ಯರ್ಥಿಯೇ ಸರ್ಕಾರವನ್ನು ಕೇಳಿದರು. ಸರ್ಕಾರಕ್ಕೆ ಸಿಟ್ಟು ಬರಲಿಲ್ಲ, ಉತ್ತರ ಕೊಟ್ಟಿತು. ಏನು ಮಾಡಬೇಕು, ಎಷ್ಟು ಸ್ವಾತಂತ್ರ್ಯ ಇದೆ ಎಂಬುದು ಮೊದಲ ದಿನವೇ ಇಬ್ಬರಿಗೂ ಗೊತ್ತಿತ್ತು.

ಮುಂದಿನದು ಶಾಲೆಯ ಪುಸ್ತಕದಲ್ಲೇ ಇದೆ. 1912ರಲ್ಲಿ ದಿವಾನರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು. ಈಗ ಯು.ವಿ.ಸಿ.ಇ. ಎಂದು ಕರೆಯುವುದು ಅದನ್ನೇ. ಕಟ್ಟಡಕ್ಕಿಂತ ಮುಖ್ಯವಾದದ್ದು ಒಂದಿದೆ. ಮುಂದಿನ ಇಂಜಿನಿಯರನ್ನು ಪುಣೆಗೋ ಲಂಡನ್ನಿಗೋ ಕಳಿಸಬೇಕಾದ ಕಷ್ಟ ತಪ್ಪಿತು.

ಇನ್ನೊಂದು ಕೆಲಸ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. 1920ರ ದಶಕದಲ್ಲಿ ಅವರು ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ಅದಕ್ಕಾಗಿ ತಮಗೆ ಬರಬೇಕಾಗಿದ್ದ ಹಣವನ್ನು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕೈಕೆಲಸ ಕಲಿಸುವ ಒಂದು ಸಂಸ್ಥೆ ಮಾಡಿ ಎಂದರು. ತಮ್ಮ ಹೆಸರೂ ಬೇಡ ಎಂದರು. ಹಾಗೆ 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಇವತ್ತು ಎಸ್.ಜೆ. ಪಾಲಿಟೆಕ್ನಿಕ್ ಎಂದರೆ ಡಿಪ್ಲೊಮಾ ಓದುವ ನಮ್ಮ ಹುಡುಗರಿಗೆಲ್ಲ ಗೊತ್ತು.

ಹಾಗೆಂದು ಒಂದೇ ಮಗ್ಗುಲು ಹೇಳಿ ಮುಗಿಸುವುದು ಸರಿಯಲ್ಲ. 1918ರಲ್ಲಿ ಮೈಸೂರು ಸರ್ಕಾರ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ನೇಮಿಸಿತು. ವಿಶ್ವೇಶ್ವರಯ್ಯನವರು ಇದಕ್ಕೆ ಒಪ್ಪಲಿಲ್ಲ. ಅರ್ಹತೆಯೊಂದೇ ಅಳತೆ ಆಗಬೇಕು ಎಂಬುದು ಅವರ ನಿಲುವು. ದಿವಾನಗಿರಿ ಬಿಟ್ಟರು. ಆದರೆ ಅರ್ಹತೆ ಗಳಿಸುವ ಮೊದಲ ಮೆಟ್ಟಿಲೇ ಸಿಗದ ಮಕ್ಕಳು ಏನು ಮಾಡಬೇಕು? ಇದಕ್ಕೆ ಗೌರಿಬಿದನೂರಿನಿಂದ ಬಂದ ಉತ್ತರವನ್ನು ಮುಂದೆ ನೋಡೋಣ. ಅದಕ್ಕೆ ಮೊದಲು ಟಾಟಾ ಸಂಸ್ಥೆಯ ಇನ್ನೊಂದು ನೇಮಕದ ಕಥೆ ಇದೆ.

ನಮ್ಮವರೇ ಆದರೂ ನಿಲ್ಲಲಿಲ್ಲ

ಇಲ್ಲಿವರೆಗೆ ಓದಿ, 'ಹೊರಗಿನವರು ನಿಲ್ಲಲ್ಲ, ನಮ್ಮವರು ನಿಲ್ಲುತ್ತಾರೆ' ಎಂದು ತೀರ್ಮಾನಿಸಬೇಡಿ.

1933ರಲ್ಲಿ ಟಾಟಾ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರು ಬಂದರು. ಅವರು ಸಿ.ವಿ. ರಾಮನ್. ಅಷ್ಟರಲ್ಲಾಗಲೇ, 1930ರಲ್ಲಿ, ಅವರಿಗೆ ನೊಬೆಲ್ ಬಹುಮಾನ ಬಂದಿತ್ತು. ಇದಕ್ಕಿಂತ ದೊಡ್ಡ ಹೆಸರು ಇನ್ನಾವುದು?

ರಾಮನ್ ಭೌತವಿಜ್ಞಾನ ವಿಭಾಗ ಕಟ್ಟಿದರು. ಆ ಹೊತ್ತಿನಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಯಹೂದಿ ವಿಜ್ಞಾನಿಗಳನ್ನು ಕೆಲಸದಿಂದ ಓಡಿಸುತ್ತಿದ್ದ. ಅಂಥವರನ್ನು ಬೆಂಗಳೂರಿಗೆ ಕರೆತರಬಹುದಲ್ಲ ಎಂದು ರಾಮನ್ ಯೋಚಿಸಿದರು. ಮ್ಯಾಕ್ಸ್ ಬಾರ್ನ್ ಎಂಬ ದೊಡ್ಡ ವಿಜ್ಞಾನಿ 1935ರಲ್ಲಿ ಬೆಂಗಳೂರಿಗೆ ಬಂದು ಕೆಲವು ತಿಂಗಳು ಇದ್ದರು. ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಪ್ರಯತ್ನಿಸಿದರು. ಸಂಸ್ಥೆಯೊಳಗೇ ವಿರೋಧ ಎದ್ದಿತು, ಹುದ್ದೆ ಸಿಗಲಿಲ್ಲ. ಬಾರ್ನ್ 1936ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದರು. 1954ರಲ್ಲಿ ಅವರಿಗೂ ನೊಬೆಲ್ ಬಂತು. ಬೆಂಗಳೂರು ಬಾಗಿಲಲ್ಲಿ ನಿಂತಿದ್ದವರನ್ನು ಕಳಿಸಿಬಿಟ್ಟಿತ್ತು.

ರಾಮನ್ ಅವರ ಆಡಳಿತದ ರೀತಿಯ ಬಗ್ಗೆಯೂ ದೂರುಗಳೆದ್ದವು. 1936ರಲ್ಲಿ ಸರ್ಕಾರ ವಿಚಾರಣಾ ಸಮಿತಿ ಕೂರಿಸಿತು. 1937ರಲ್ಲಿ ಅವರು ನಿರ್ದೇಶಕ ಸ್ಥಾನ ಬಿಟ್ಟು, 1948ರವರೆಗೆ ಪ್ರೊಫೆಸರಾಗಿ ಉಳಿದರು.

ಒಳ್ಳೆಯ ವಿಜ್ಞಾನಿ ಒಳ್ಳೆಯ ಆಡಳಿತಗಾರ ಆಗಿಯೇ ತೀರಬೇಕೆಂದಿಲ್ಲ. ಎರಡನ್ನೂ ಒಬ್ಬರ ತಲೆ ಮೇಲೆ ಹೇರುವ ಮೊದಲು ಮಂಡಳಿ ಯೋಚಿಸಬೇಕು. ಹೊಸಬರ ಕೈಯಲ್ಲಿ ಹಳೆಯ ಪದ್ಧತಿ ಬದಲಾಯಿಸುವ ಕೆಲಸ ಕೊಟ್ಟ ಮೇಲೆ, ಹಳಬರು ಮುನಿಸಿಕೊಂಡಾಗ ಕೈಬಿಟ್ಟರೆ ಆ ಕೆಲಸಕ್ಕೆ ಇನ್ನಾರು ಬರುತ್ತಾರೆ?

ಅದೇ ಸಂಸ್ಥೆಗೆ 1938ರಿಂದ 1947ರವರೆಗೆ ಕೋರ್ಟ್ ಎಂಬ ಮಹಾಸಭೆಯ ಅಧ್ಯಕ್ಷರಾಗಿದ್ದವರು ವಿಶ್ವೇಶ್ವರಯ್ಯನವರು. 1939ರಲ್ಲಿ ಜೆ.ಸಿ. ಘೋಷ್ ನಿರ್ದೇಶಕರಾದರು. ಎರಡನೇ ಮಹಾಯುದ್ಧ ನಡೆಯುತ್ತಿದ್ದ 1942ರಲ್ಲಿ ವಿಮಾನ ಇಂಜಿನಿಯರಿಂಗ್ ವಿಭಾಗ ಶುರುವಾಯಿತು. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿದ್ದ ವಿಮಾನ ಕಾರ್ಖಾನೆಗೆ, ಅಂದರೆ ಈಗಿನ ಎಚ್.ಎ.ಎಲ್.ಗೆ, ಓದಿದವರು ಬೇಕಾಗಿದ್ದರು. ಕರ್ಜನ್ ಕೇಳಿದ್ದ 'ಕೆಲಸ ಎಲ್ಲಿದೆ' ಎಂಬ ಪ್ರಶ್ನೆಗೆ ಉತ್ತರ ಊರಲ್ಲೇ ಎದ್ದು ನಿಂತಿತ್ತು.

ಹೊಸೂರಿನ ನರಸಿಂಹಯ್ಯ

ಈಗ ಗೌರಿಬಿದನೂರಿಗೆ ಬರೋಣ. ಎಚ್. ನರಸಿಂಹಯ್ಯನವರು ಹುಟ್ಟಿದ್ದು 1920ರಲ್ಲಿ, ಹೊಸೂರಿನಲ್ಲಿ. ಹಿಂದುಳಿದ ಸಮುದಾಯದ ಬಡ ಕುಟುಂಬ. ತಾಯಿ ಕೂಲಿ ಮಾಡುತ್ತಿದ್ದರು. ಮುಂದೆ ಓದಲು ದಾರಿ ಇರಲಿಲ್ಲ. ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಬೆಂಗಳೂರಿಗೆ ಬಾ ಎಂದರು. 1935ರಲ್ಲಿ ಹುಡುಗ ಬಸ್ಸಿಗೆ ಕಾಸಿಲ್ಲದೆ ನಡೆದುಕೊಂಡೇ ಬೆಂಗಳೂರು ಸೇರಿದ. ಸುಮಾರು 80 ಕಿಲೋಮೀಟರ್ ದಾರಿ. ಸೇರಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ. ಇದ್ದದ್ದು ಬಡ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ.

ಆ ಶಾಲೆ ನಡೆಸುತ್ತಿದ್ದದ್ದು ನ್ಯಾಷನಲ್ ಎಜುಕೇಷನ್ ಸೊಸೈಟಿ. 1917ರಲ್ಲಿ ಆನಿ ಬೆಸೆಂಟ್ ಅವರ ಪ್ರೇರಣೆಯಿಂದ ಶುರುವಾದ, ಲಾಭಕ್ಕಲ್ಲದ ಸಂಸ್ಥೆ. 1936ರಲ್ಲಿ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದವನು ಇದೇ ಹುಡುಗ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದುವಾಗ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲಿಗೂ ಹೋದರು. ಓದು ಮುಗಿಸಿ 1946ರಲ್ಲಿ ಅದೇ ಸೊಸೈಟಿಯ ನ್ಯಾಷನಲ್ ಕಾಲೇಜಿಗೆ ಭೌತವಿಜ್ಞಾನದ ಮೇಷ್ಟ್ರಾಗಿ ಸೇರಿದರು.

ನಂತರ ಅಮೆರಿಕಕ್ಕೆ ಹೋಗಿ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದರು. 1960ರ ಹೊತ್ತಿಗೆ ಅಂಥ ಪದವಿ ಇದ್ದವರಿಗೆ ಅಲ್ಲಿ ಕೆಲಸಕ್ಕೆ ಬರವಿರಲಿಲ್ಲ. ನರಸಿಂಹಯ್ಯನವರು ವಾಪಸ್ ಬಂದರು. 1961ರಲ್ಲಿ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು.

ಈ ನೇಮಕಕ್ಕೆ ಯಾರೂ ಲಂಡನ್ನಿಗೆ ಹೋಗಬೇಕಾಗಲಿಲ್ಲ. ಸೊಸೈಟಿ ತನ್ನ ವಿಜ್ಞಾನದ ಮುಖ್ಯಸ್ಥನನ್ನು 1935ರಲ್ಲೇ ಸೇರಿಸಿಕೊಂಡಿತ್ತು. ಆಗ ಅವನು 15 ವರ್ಷದ, ದೂಳು ಕಾಲಿನ ಹಳ್ಳಿ ಹುಡುಗ. ಅಷ್ಟೇ ವ್ಯತ್ಯಾಸ. ಕೊಟ್ಟದ್ದು ಒಂದು ಹಾಸ್ಟೆಲ್ ಜಾಗ, ಊಟ, ಪಾಠ. ಮಿಲ್ಲರ್ ಸಮಿತಿಯ ಕಾಲದ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೊದಲ ಮೆಟ್ಟಿಲು ಸಿಕ್ಕರೆ ಅರ್ಹತೆ ಹಿಂದೆಯೇ ಬರುತ್ತದೆ.

ಅವರು ಮಾಡಿದ ಕೆಲಸಗಳಲ್ಲಿ ಎರಡನ್ನು ನಮ್ಮ ಓದುಗರು ನೆನಪಿಡಬೇಕು. ಒಂದು, 1962ರಲ್ಲಿ ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂ. ವಾರ ವಾರ ವಿಜ್ಞಾನಿಗಳನ್ನು ಕರೆಸಿ ಜನರ ಮುಂದೆ ಮಾತಾಡಿಸುವ ವೇದಿಕೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಕೂತು ಪ್ರಶ್ನೆ ಕೇಳಬಹುದು. ದೊಡ್ಡ ವಿಜ್ಞಾನಿಯನ್ನು ಕಾಯಂ ನೇಮಿಸಿಕೊಳ್ಳುವ ದುಡ್ಡು ಇಲ್ಲದ ಸಂಸ್ಥೆ, ಊರಲ್ಲಿರುವ ಎಲ್ಲ ವಿಜ್ಞಾನಿಗಳ ಒಂದೊಂದು ಸಂಜೆಯನ್ನು ಕೇಳಿ ಪಡೆಯಿತು.

ಎರಡು, ಬೆಂಗಳೂರಿನಲ್ಲೇ ಉಳಿಯದೆ ಗೌರಿಬಿದನೂರು, ಬಾಗೇಪಲ್ಲಿಗಳಿಗೂ ನ್ಯಾಷನಲ್ ಕಾಲೇಜು ತಂದರು. ತಾವು ನಡೆದ ದಾರಿಯನ್ನು ಮುಂದಿನ ಮಕ್ಕಳು ನಡೆಯಬೇಕಾಗದಂತೆ ಕಾಲೇಜನ್ನೇ ಈ ಕಡೆ ನಡೆಸಿಕೊಂಡು ಬಂದರು. ನಮ್ಮ ಎಷ್ಟು ಮನೆಗಳಲ್ಲಿ ಮೊದಲ ಡಿಗ್ರಿ ಸರ್ಟಿಫಿಕೇಟ್ ಈ ಕಾಲೇಜುಗಳದ್ದು ಎಂದು ನಿಮ್ಮ ಅಕ್ಕಪಕ್ಕದಲ್ಲಿ ಕೇಳಿ ನೋಡಿ.

1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1984ರಲ್ಲಿ ಪದ್ಮಭೂಷಣ ಬಂತು. ಆದರೂ ಇದ್ದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ. ಮದುವೆಯಾಗಲಿಲ್ಲ, ಖಾದಿ ಬಿಡಲಿಲ್ಲ. 2005ರ ಜನವರಿ 31ರಂದು ತೀರಿಕೊಂಡರು. ಟಾಟಾ 1898ರಲ್ಲಿ ವಿವೇಕಾನಂದರಿಗೆ ಬರೆದ ಪತ್ರದಲ್ಲಿ, ಮಠದಲ್ಲಿ ಇದ್ದಂತೆ ಸರಳವಾಗಿದ್ದು ವಿಜ್ಞಾನಕ್ಕೆ ಬದುಕು ಕೊಡುವವರು ಬೇಕು ಎಂದಿದ್ದರಲ್ಲ, ಅಂಥವರೊಬ್ಬರು ಹೊಸೂರಿನಲ್ಲಿ ಹುಟ್ಟಿದ್ದರು. ದೇವರು, ಪವಾಡಗಳನ್ನೆಲ್ಲ ಪ್ರಶ್ನೆ ಮಾಡುತ್ತಿದ್ದ ಅವರಿಗೆ ಸನ್ಯಾಸಿ ಎಂದರೆ ಸಿಟ್ಟು ಬರುತ್ತಿತ್ತೇನೋ, ಆ ಮಾತು ಬೇರೆ.

ಈಗಿನ ಹುಡುಕಾಟ

ನಿಮ್ಮ ಮಕ್ಕಳ ಪಠ್ಯಪುಸ್ತಕ ತೆಗೆದು ನೋಡಿ. ಪಾಠದ ಪಕ್ಕದಲ್ಲಿ ಕಪ್ಪು-ಬಿಳಿ ಚೌಕಗಳ ಕ್ಯೂಆರ್ ಕೋಡ್ ಇರುತ್ತದೆ. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ದೀಕ್ಷಾದಲ್ಲಿ ಆ ಪಾಠ ತೆರೆದುಕೊಳ್ಳುತ್ತದೆ. ಅದರ ತಳಪಾಯವಾದ 'ಸನ್‌ಬರ್ಡ್' ಎಂಬ ತಂತ್ರಾಂಶವನ್ನು ಕಟ್ಟಿದ್ದು ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಷನ್. ಇದೂ ಲಾಭಕ್ಕಲ್ಲದ ಸಂಸ್ಥೆ. ನಂದನ್ ಮತ್ತು ರೋಹಿಣಿ ನೀಲೇಕಣಿ, ಶಂಕರ್ ಮರುವಾಡ ಸೇರಿ 2014ರಲ್ಲಿ ಶುರುಮಾಡಿದ್ದು. ಅದರ ತಂತ್ರಜ್ಞಾನ ಮುಖ್ಯಸ್ಥರಾದವರು ಪ್ರಮೋದ್ ವರ್ಮ, ಆಧಾರ್‌ನ ಮುಖ್ಯ ವಿನ್ಯಾಸಕಾರರು. ಆಧಾರ್ ಕೆಲಸದಲ್ಲಿ ನೀಲೇಕಣಿ ಅವರ ಜೊತೆ ದುಡಿದವರೇ. ಇಲ್ಲೂ ಮುಖ್ಯಸ್ಥರು ಸಿಕ್ಕಿದ್ದು ಹಳೆಯ ಒಡನಾಟದಿಂದ.

ಆದರೆ ಬೆಂಗಳೂರಿನಲ್ಲಿ ಮುಖ್ಯಸ್ಥರು ಇದ್ದ ಮಾತ್ರಕ್ಕೆ ಹಳ್ಳಿ ಶಾಲೆಯಲ್ಲಿ ಪಾಠ ಆಗುವುದಿಲ್ಲ. 2001ರಲ್ಲಿ 'ಮಾಹಿತಿ ಸಿಂಧು' ಯೋಜನೆಯಲ್ಲಿ ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಬಂದಿದ್ದು ನಮ್ಮ ವಯಸ್ಸಿನವರಿಗೆ ನೆನಪಿರುತ್ತದೆ. ಕಲಿಸುವ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿದ್ದರು. ಗುತ್ತಿಗೆ ಮುಗಿಯಿತು, ಕಂಪನಿಯ ಶಿಕ್ಷಕರು ಹೋದರು. ಶಾಲೆಯ ಕಾಯಂ ಮೇಷ್ಟ್ರುಗಳ ಕೈಗೆ ಆ ವಿದ್ಯೆ ಪೂರ್ತಿಯಾಗಿ ಬಂದಿರಲಿಲ್ಲ. ಟಾಟಾ ರೇಷ್ಮೆ ಫಾರಂನ ಪಾಠವನ್ನು ನೂರು ವರ್ಷದ ನಂತರವೂ ನಾವು ಕಲಿತಿರಲಿಲ್ಲ.

ಟ್ರಸ್ಟಿನವರಿಗೆ, ಎಸ್‌ಡಿಎಂಸಿಯವರಿಗೆ

ಈ ಇತಿಹಾಸದಿಂದ ನಮ್ಮ ನಾಲ್ಕು ತಾಲ್ಲೂಕಿನ ಸಂಸ್ಥೆಗಳು ತೆಗೆದುಕೊಳ್ಳಬಹುದಾದದ್ದು ಇಷ್ಟು.

ಒಂದು: ಜಾಹೀರಾತು ಕೊಡುವ ಮೊದಲು ಕೆಲಸ ಏನೆಂದು ಒಂದು ಹಾಳೆಯಲ್ಲಿ ಬರೆಯಿರಿ. ಬರೆಯಲು ಬರದಿದ್ದರೆ ಆ ಕೆಲಸಕ್ಕೆ ಆಳು ಹುಡುಕುವ ಕಾಲ ಇನ್ನೂ ಬಂದಿಲ್ಲ. ಬಂದ ಅಭ್ಯರ್ಥಿ ವಿಶ್ವೇಶ್ವರಯ್ಯನವರಂತೆ ತಿರುಗಿ ಪ್ರಶ್ನೆ ಕೇಳಿದರೆ ಅಹಂಕಾರ ಅಂದುಕೊಳ್ಳಬೇಡಿ. ಕೇಳದೇ ಬಂದವರು ಹೇಳದೇ ಹೋಗುತ್ತಾರೆ.

ಎರಡು: ಅವರು ಒಬ್ಬರಿಗೆ ಮಾತ್ರ ಲೆಕ್ಕ ಒಪ್ಪಿಸುವಂತೆ ಇರಲಿ. ಟ್ರಾವರ್ಸ್‌ಗೆ ಆದದ್ದು ನಿಮ್ಮ ಹುಡುಗನಿಗೆ ಆಗದಿರಲಿ.

ಮೂರು: ದೊಡ್ಡ ಹೆಸರಿನವರನ್ನು ಕಾಯಂ ತರಲು ಆಗದಿದ್ದರೆ ಸೈನ್ಸ್ ಫೋರಂ ಮಾಡಿದಂತೆ ಅವರ ಸಮಯ ಕೇಳಿ. ನಮ್ಮ ಜಿಲ್ಲೆಯಿಂದ ಬೆಂಗಳೂರಿನ ಐಟಿ ಕಂಪನಿಗಳಿಗೆ ದಿನಾ ಹೋಗಿಬರುವವರು ಬೇಕಾದಷ್ಟು ಜನ ಇದ್ದಾರೆ. ಭಾನುವಾರ ಎರಡು ಗಂಟೆ ಕೊಡಿ ಎಂದು ಅವರನ್ನು ಯಾರಾದರೂ ಕೇಳಿದ್ದೀರಾ?

ನಾಲ್ಕು, ಇದು ಎಲ್ಲಕ್ಕಿಂತ ನಿಧಾನದ್ದು, ಎಲ್ಲಕ್ಕಿಂತ ಗಟ್ಟಿಯಾದದ್ದು: ನಿಮ್ಮ ಶಾಲೆಯಲ್ಲೇ ಓದುತ್ತಿರುವ, ಕೆಟ್ಟ ಮೊಬೈಲ್ ಬಿಚ್ಚಿ ಕೂರುವ, ಲ್ಯಾಬಿನ ಬೀಗ ಯಾವಾಗ ತೆಗೀತೀರಿ ಸಾರ್ ಎಂದು ಕೇಳುವ ಆ ಹುಡುಗಿ ಅಥವಾ ಹುಡುಗನನ್ನು ಈಗಲೇ ಗುರುತು ಮಾಡಿಕೊಳ್ಳಿ. ಡಿಪ್ಲೊಮಾಕ್ಕೋ ಡಿಗ್ರಿಗೋ ಕಳಿಸಿ. ಫೀಸಿನಲ್ಲಿ ಪಾಲು ಕೊಡಿ. ಓದು ಮುಗಿದ ಮೇಲೆ ವಾಪಸ್ ಬರಲು ಒಂದು ಕುರ್ಚಿ ಇಟ್ಟಿರಿ. ಎಲ್ಲರೂ ಬರುವುದಿಲ್ಲ, ಹತ್ತರಲ್ಲಿ ಒಬ್ಬರು ಬಂದರೂ ಸಾಕು. 1935ರಲ್ಲಿ ನ್ಯಾಷನಲ್ ಹೈಸ್ಕೂಲಿಗೆ ಬಂದದ್ದೂ ಹಾಗೆ ಒಬ್ಬನೇ.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಗಾದೆ. ಹಿತ್ತಲ ಗಿಡಕ್ಕೆ ನೀರು ಹಾಕದವರು ಕಟ್ಟಿದ ಗಾದೆ ಇರಬೇಕು ಅದು. ನಿಮ್ಮೂರಿನ ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ, ವಾರಕ್ಕೆ ಎಷ್ಟು ದಿನ ಬಾಗಿಲು ತೆಗೆಯುತ್ತಾರೆ ಎಂದು ಈ ಸಲದ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಉತ್ತರ ಏನು ಬಂತು ಎಂದು ನಮಗೂ ತಿಳಿಸಿ, ಬರೆಯುತ್ತೇವೆ.